ಗುದ್ದಿದ ಮೇಲೆ ಸುರಿದ ಗ್ಲಾಸು

“ಬಾಟ್ಲಿ ಹಿಡಿಯೋದು ಹಂಗಲ್ಲ ಕಣೆ. ಕೈ ನಡುಗಬೇಕು. ಗಂಡ ರಸ್ತೇಲಿ ಒಂದು ಹೆಣ ಬೀಳಿಸಿ ಮನೆಗೆ ಬಂದಿದಾನೆ, ನೀನೇನು ಮದುವೆ ಮನೇಲಿ ಪಾನಕ ಹಂಚ್ತಿದೀಯಾ?”

ಊಟದ ಮೇಜಿನ ಆ ತುದಿಯಲ್ಲಿ ಕೂತು ಲಮೈ ಅತ್ತೆ ನಿರ್ದೇಶನ ಕೊಡುತ್ತಿದ್ದರು. ಮೇಜಿನ ಮೇಲೆ ಹುರಿದ ಮೀನು, ಮೆಣಸಿನ ಚಟ್ನಿ, ಬೇಯಿಸಿದ ಸೊಪ್ಪು ಎಲ್ಲಾ ಆರಿ ತಣ್ಣಗಾಗಿತ್ತು. ಅವುಗಳ ನಡುವೆ ಒಂದು ವಿಸ್ಕಿ ಬಾಟ್ಲಿ, ಒಳಗಿದ್ದದ್ದು ಮಾತ್ರ ಬರೀ ಚಹಾ. ಸುಳ್ಳು ಅಭ್ಯಾಸ ಮಾಡುವುದಕ್ಕೆ ನಿಜವಾದ ವಿಸ್ಕಿ ಖರ್ಚು ಮಾಡುವ ಪೈಕಿ ಅಲ್ಲ ಲಮೈ ಅತ್ತೆ. ಒಂದು ಕಾಲದಲ್ಲಿ ಲಿಕೇ ನಾಟಕದ ಮೇಳದಲ್ಲಿ ಮಿಂಚಿದ ಹೆಂಗಸು. ಹಳ್ಳಿ ಹಳ್ಳಿ ತಿರುಗಿ, ಮುಖಕ್ಕೆ ಬೆರಳು ದಪ್ಪ ಬಣ್ಣ ಬಳಿದು, ಗಾಜಿನ ಹರಳಿನ ಕಿರೀಟ ಇಟ್ಟು ರಾಣಿಯಾಗಿ ಅತ್ತವರು. ಮೇಳ ಮುಚ್ಚಿತು, ಕಿರೀಟ ಕಪಾಟು ಸೇರಿತು, ರಾಣಿತನ ಮಾತ್ರ ಮೈಬಿಟ್ಟು ಇಳಿಯಲಿಲ್ಲ. ಅದರ ಪ್ರಜೆ ಒಬ್ಬಳೇ, ಸೊಸೆ ಉರೈ.

ಉರೈ ಮತ್ತೆ ಸುರಿದಳು. ಈ ಸಲ ಕೈ ನಿಜವಾಗಿಯೂ ನಡುಗಿತು.

“ಈಗ ಬಂತು ನೋಡಿ,” ಅಂದ ಪ್ರಸೋಪ್. ಅವನು ಮ್ಯಾನೇಜರ್. ಉರೈಯ ಗಂಡ ಥಾನಿನ್ ಹಾಡುತ್ತಾನೆ, ಪ್ರಸೋಪ್ ಅದನ್ನು ಮಾರುತ್ತಾನೆ. “ಅಕ್ಕಾ, ಇದು ಬಾಳ ಸಿಂಪಲ್ಲು. ಕುಡಿದು ಗುದ್ದಿದ್ರೆ ಜೈಲು. ಗುದ್ದಿ ಕುಡಿದ್ರೆ ಮನೆ. ಎರಡೇ ಮಾತು, ಸ್ವಲ್ಪ ಹಿಂದೆ ಮುಂದೆ ಮಾಡ್ಬೇಕು ಅಷ್ಟೆ. ಅಣ್ಣ ಮನೆಗೆ ಬಂದ್ರು, ಹೆದರಿದ್ರು, ನೀವು ಒಂದು ಗ್ಲಾಸ್ ಸುರಿದ್ರಿ, ಆಮೇಲೆ ಪೊಲೀಸ್ರು ಬಂದ್ರು. ನಾಳೆ ಕೋರ್ಟಲ್ಲಿ ಇಷ್ಟು ಹೇಳಿದ್ರೆ ನಾಡಿದ್ದು ಅಣ್ಣ ಸ್ಟುಡಿಯೋದಲ್ಲಿರ್ತಾರೆ.”

ಥಾನಿನ್ ಇವರ ಕಡೆ ಬೆನ್ನು ಹಾಕಿ ಕಿಟಕಿ ಹತ್ತಿರ ನಿಂತಿದ್ದ. ಸುಫನ್‌ಬುರಿ ಸೀಮೆಯಲ್ಲಿ ಹಳ್ಳಿ ಹಾಡು ಅಂದರೆ ಥಾನಿನ್, ಥಾನಿನ್ ಅಂದರೆ ಹಳ್ಳಿ ಹಾಡು. ಅವನು ವೇದಿಕೆ ಹತ್ತಿ ‘ಅಮ್ಮಾ’ ಅಂತ ಒಂದು ಎಳೆತ ಎಳೆದರೆ, ಮನೆಯಲ್ಲಿ ಹೆತ್ತಮ್ಮನಿಗೆ ನೀರು ಕೊಡದವರೂ ಮೂಗು ಸೀಟುತ್ತಿದ್ದರು. ಆ ಗಂಟಲಿಗೆ ಊರಿಗೆ ಊರೇ ಋಣಿಯಾಗಿತ್ತು. ಆ ಗಂಟಲಿನೊಳಗೆ ಏನೇನು ಇಳಿಯುತ್ತದೆ ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆಗಿದ್ದು ಇಷ್ಟು. ಒಂದು ಮದುವೆ ಕಛೇರಿ ಮುಗಿಸಿ, ಡ್ರೈವರನ್ನು ಮೊದಲೇ ಕಳಿಸಿ, ಬೆಳಗಾಗುವ ಹೊತ್ತಿಗೆ ಥಾನಿನ್ ತಾನೇ ಗಾಡಿ ಓಡಿಸಿಕೊಂಡು ಬರುತ್ತಿದ್ದ. ಕಾಲುವೆ ರಸ್ತೆಯಲ್ಲಿ ಚಲೋ ಅನ್ನುವವನು ಬೈಕಿಗೆ ಗಾಡಿ ಕಟ್ಟಿಕೊಂಡು ಸೋಯಾ ಹಾಲು ಮಾರಲು ಹೊರಟಿದ್ದ. ಹೆಸರು ಚಲೋ, ಮನುಷ್ಯನೂ ಚಲೋ. ಹಣೆಬರಹ ಒಂದು ಬಿಟ್ಟು. ಬಿಸಿ ಹಾಲು ರಸ್ತೆ ತುಂಬ ಹರಿಯಿತು. ಥಾನಿನ್ ಗಾಡಿ ನಿಲ್ಲಿಸಲಿಲ್ಲ. ಮನೆ ಮೆಟ್ಟಿಲ ಮೇಲೆ ಬಂದು ಕೂತ. ಶೂ ಲೇಸು ಬಿಚ್ಚಲು ಹೋದ, ಆಗಲಿಲ್ಲ, ಬೆರಳು ಲೇಸನ್ನು ಹುಡುಕುತ್ತಾ ಗಾಳಿಯಲ್ಲಿ ಆಡುತ್ತಿತ್ತು. ಉರೈಯೇ ಬಗ್ಗಿ ಬಿಚ್ಚಿದಳು. ಆಗ ಮೂಗಿಗೆ ಹೊಡೆದ ವಾಸನೆ ಅವಳಿಗೆ ಹೊಸದೇನಲ್ಲ. ನಿಂಬೆ ನೀರು ಕುಡಿಸಿ ಮಲಗಿಸಿದಳು. ಬೇರೆ ಯಾವ ಗ್ಲಾಸನ್ನೂ ಯಾರೂ ಸುರಿಯಲಿಲ್ಲ. ಹೊತ್ತು ಏರಿದ ಮೇಲೆ ಪೊಲೀಸರು ಬಂದಾಗ ಬಾಗಿಲಿಗೆ ಹೋದವರು ಲಮೈ ಅತ್ತೆ. “ಪಾಪ, ಮಗು ಹೆದರಿ ಈಗಷ್ಟೇ ಒಂದು ಗುಟುಕು ಹಾಕ್ಕೊಂಡ,” ಅಂದರು. ಸುಳ್ಳು ಹೊಸ್ತಿಲ ಮೇಲೆ ಹುಟ್ಟಿತು. ಆಮೇಲೆ ವಕೀಲರ ಮಡಿಲಲ್ಲಿ ಬೆಳೆದು ದೊಡ್ಡದಾಯಿತು.

ಉರೈಯ ಅಣ್ಣ ಸನಿತ್ ಕಬ್ಬಿನ ಲಾರಿ ಡ್ರೈವರ್. ಹಿಂದೆ ಅವನೂ ಕುಡಿದು ಒಬ್ಬ ಹೆಂಗಸಿನ ಸೊಂಟ ಮುರಿದಿದ್ದ. ಅವನ ಕೈಗೆ ಹಾರ ಕೊಟ್ಟು ಕಳಿಸುವವರು ಇರಲಿಲ್ಲ, ಅವನು ಅಳುವಾಗ ಬೆಳಕು ಬಿಡುವವರೂ ಇರಲಿಲ್ಲ. ಪೂರ್ತಿ ಶಿಕ್ಷೆ ಅನುಭವಿಸಿ ಬಂದ. ಆಗ ಇದೇ ಮೇಜಿನ ಮೇಲೆ ಮೀನಿನ ಮುಳ್ಳು ಬಿಡಿಸುತ್ತಾ ಪ್ರಸೋಪ್, “ಅಕ್ಕಾ, ಕಾನೂನು ಎಲ್ಲರಿಗೂ ಒಂದೇ,” ಅಂದಿದ್ದ. ಒಂದೇ ಅನ್ನುವುದು ನಿಜ, ಆದರೆ ಕಾನೂನಿಗೂ ಕಿವಿ ಇದೆ, ಒಳ್ಳೆ ಹಾಡು ಕೇಳಿದರೆ ಅದೂ ತಲೆದೂಗುತ್ತದೆ.

ಹಾಗಾಗಿ ಥಾನಿನ್‌ಗೆ ಕಾರ್ಯಕ್ರಮವೇ ತಯಾರಾಗಿತ್ತು. ಮೊದಲು ಸತ್ತವನ ಶವಪೆಟ್ಟಿಗೆ ಮುಂದೆ ಮಲ್ಲಿಗೆ ಹಾರ ಇಟ್ಟು ಕ್ಷಮೆ ಕೇಳುವುದು. ಆಮೇಲೆ ಸ್ವಲ್ಪ ದಿನ ಭಿಕ್ಷುವಾಗುವುದು. ತಲೆ ಬೋಳಿಸಿ, ಹುಬ್ಬು ತೆಗೆದು, ಕಾವಿ ಉಟ್ಟ ಫೋಟೋ ಪೇಪರಿಗೆ ಬಂದರೆ ನ್ಯಾಯಾಧೀಶರ ಮನೆಯ ಹೆಂಗಸರೇ ಕಣ್ಣೊರೆಸಿಕೊಳ್ಳುತ್ತಾರೆ ಅನ್ನುವುದು ಪ್ರಸೋಪನ ಹಂಚಿಕೆ. ಅವನು ಬೋಳಿಸಬೇಕು ಅಂತಿದ್ದದ್ದು ಒಂದು ತಲೆಯಲ್ಲ, ಇಡೀ ಸೀಮೆಯ ತಲೆ.

ಎಡವಟ್ಟಾಗಿದ್ದು ಹಾರದಲ್ಲಿ.

ದೇವಸ್ಥಾನದ ಮಂಟಪದಲ್ಲಿ ಚಲೋನ ಪೆಟ್ಟಿಗೆ ಇಟ್ಟಿದ್ದರು. ಮಧ್ಯಾಹ್ನ ದಹನ. ಚಲೋನ ತಾಯಿ ಸಂಫಾವ್ ಅಜ್ಜಿ, ಹಿಡಿಯಷ್ಟೇ ಇರುವ ಮುದುಕಿ, ಪೆಟ್ಟಿಗೆ ಪಕ್ಕ ಕೂತಿದ್ದರು. ಥಾನಿನ್ ತಟ್ಟೆ ಹಿಡಿದು ಮಂಡಿಯೂರಿದ. ಹಿಂದೆ ಲಮೈ ಅತ್ತೆ, ಉರೈ. ಅವರ ಹಿಂದೆ ಕ್ಯಾಮೆರಾಗಳ ಜಾತ್ರೆ.

ಅಜ್ಜಿ ತಲೆ ಎತ್ತಿ ನೋಡಿದರು. “ಹಾರ ಇರ್ಲಿ. ಕ್ಯಾಮೆರಾ ಹೊರಗೆ ಹೋಗ್ಲಿ.”

“ಅಜ್ಜೀ, ಎರಡೇ ನಿಮಿಷ...” ಅಂದ ಪ್ರಸೋಪ್.

“ನೀನೂ ಹೋಗಪ್ಪ. ನೀನೇನ್ ಗುದ್ದಿಲ್ವಲ್ಲ.”

ಬಾಗಿಲು ಹಾಕಿದರು. ಒಳಗೆ ಉಳಿದವರು ಮೂವರು ಹೆಂಗಸರು, ಒಬ್ಬ ಹಾಡುಗಾರ, ಒಬ್ಬ ಹಾಲು ಮಾರುವವನು. ಥಾನಿನ್ ಊದಿನಕಡ್ಡಿ ಹಚ್ಚಿ, ಎಲ್ಲರೂ ಹೇಳುವ ಹಾಗೇ ಹೇಳಿದ. ಮೈಯಿಂದಾಗಲಿ ಮಾತಿಂದಾಗಲಿ ಮನಸ್ಸಿಂದಾಗಲಿ, ತಿಳಿದೋ ತಿಳಿಯದೆಯೋ ನಿನಗೆ ಮಾಡಿದ ತಪ್ಪನ್ನು ಕ್ಷಮಿಸು ಅಂತ. ಗಂಟಲು ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಿತು. ಲಮೈ ಅತ್ತೆ ತೃಪ್ತಿಯಿಂದ ಕಣ್ಣು ಮುಚ್ಚಿದರು.

“ಯಾವ ತಪ್ಪು?” ಅಂದರು ಸಂಫಾವ್ ಅಜ್ಜಿ.

“ಅಂದ್ರೆ... ಅಜ್ಜೀ?”

“ಇದು ಎಲ್ಲರೂ ಎಲ್ಲರಿಗೂ ಹೇಳೋ ಮಾತು. ನನ್ನ ಮಗ ಬೆನ್ನು ತಿರುಗಿಸಿಕೊಂಡು ಗಾಡಿ ಓಡಿಸ್ತಿದ್ದ. ಯಾರು ಬಂದ್ರು, ಹೆಂಗ್ ಬಂದ್ರು, ಅವನು ನೋಡ್ಲಿಲ್ಲ. ಏನು ಮಾಡ್ದೆ ಅಂತ ಗೊತ್ತಿಲ್ದೆ ಅವನು ಹೆಂಗ್ ಬಿಟ್ಬಿಡ್ತಾನೆ? ಬಿಡದೆ ಹೋದ್ರೆ ಮುಂದಿನ ಜನ್ಮದಲ್ಲೂ ನಿನ್ನ ಹಿಂದೇನೇ ಬರ್ತಾನೆ. ನಿನಗೂ ಬೇಡ, ಅವನಿಗೂ ಬೇಡ. ಹೇಳ್ಬಿಡು ಮಗಾ. ನನಗಲ್ಲ, ಅವನಿಗೆ.”

ಥಾನಿನ್ ಬಾಯಿ ತೆರೆದ. ಊರೂರೇ ಹುಚ್ಚೆದ್ದು ಕೇಳುತ್ತಿದ್ದ ಆ ದನಿ ಸೋರುವ ನಲ್ಲಿಯ ಹಾಗೆ ತೊಟ್ಟು ತೊಟ್ಟಾಗಿ ಬಂತು.

“ಚಲೋ ಅಣ್ಣಾ... ನಾನು ಕುಡಿದಿದ್ದೆ... ಬಾಳ ಕುಡಿದಿದ್ದೆ. ರಸ್ತೆ ಎರಡೆರಡು ಕಾಣ್ತಿತ್ತು. ನಿನ್ನ ದೀಪಾನೂ ಎರಡಾಗಿ ಕಾಣ್ತು... ಎರಡರ ಮಧ್ಯೆ ಹೋಗ್ಬಿಡ್ತೀನಿ ಅಂದ್ಕೊಂಡೆ... ನೀನು ಬಿದ್ದಾಗ ಕೂಗ್ದೆ. ನನಗೆ ಕೇಳಿಸ್ತು. ನಿಲ್ಲಿಸ್ಲಿಲ್ಲ ಅಣ್ಣಾ... ನಿಲ್ಲಿಸ್ಲಿಲ್ಲ...”

ಉರೈ ತನ್ನ ಬಾಯಿಗೆ ಅಂಗೈ ಒತ್ತಿಕೊಂಡಳು. ಕೂಗಿದ್ದು ಕೇಳಿಸಿತ್ತು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಸಂಫಾವ್ ಅಜ್ಜಿಯ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ನೆಲಕ್ಕೆ ಕೈಯೂರಿ ಉಸಿರು ಎಳೆದುಕೊಂಡರು. ಆಮೇಲೆ ಎದ್ದು, ತಟ್ಟೆಯಿಂದ ಹಾರ ತೆಗೆದು ಪೆಟ್ಟಿಗೆ ಮೇಲಿಟ್ಟು, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. “ಕೇಳಿಸ್ಕೊಂಡ್ಯಾ ಮಗಾ? ನಿಜ ಹೇಳ್ದ. ಬಿಟ್ಬಿಡು ಅವನ್ನ. ನೀನು ಹಗುರಾಗಿ ಹೋಗು.”

ಹೊರಗೆ ಬಂದಾಗ ವಿಷಯ ತಿಳಿದು ಪ್ರಸೋಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಕ್ಷಮೆ ಕೇಳುವಾಗ ನಿಜ ಹೇಳಬೇಕಾಗಿ ಬರಬಹುದು ಅನ್ನುವ ಸಂಗತಿಯೇ ಅವನ ಕಾರ್ಯಕ್ರಮದಲ್ಲಿ ಇರಲಿಲ್ಲ. ಮುದುಕಿ ಕೋರ್ಟಿನಲ್ಲಿ ಬಾಯಿ ಬಿಟ್ಟರೆ ಗತಿ ಏನು? ಆದರೆ ಸಂಫಾವ್ ಅಜ್ಜಿ ಬಾಯಿ ಬಿಡಲಿಲ್ಲ. ಬಾಗಿಲು ಹಾಕಿದ ಮೇಲೆ ಅವನು ಒಳಗೆ ಏನು ಹೇಳಿದ ಅಂತ ಪೊಲೀಸರು ಕೇಳಿದರು, ಸರ್ಕಾರಿ ವಕೀಲರು ಬಂದು ಗೋಗರೆದರು, ನೆರೆಹೊರೆಯವರು ಬೈದರು. “ಅದು ನನ್ನ ಮಗನಿಗೆ ಹೇಳಿದ ಮಾತು,” ಅಂದರು, ಅಷ್ಟೇ. ಪ್ರಸೋಪ್ ಅಂದಿನಿಂದ ಅವರನ್ನು ದೇವತೆ ಅಂತ ಕರೆಯಲು ಶುರುಮಾಡಿದ. ಬಾಯಿ ಬಿಡದ ಬಡವರೆಲ್ಲ ಅವನ ಲೆಕ್ಕದಲ್ಲಿ ದೇವತೆಗಳೇ.

ಹೀಗಾಗಿ ಎಲ್ಲಾ ಭಾರ ಬಂದು ನಿಂತದ್ದು ಉರೈಯ ನಾಲಿಗೆಯ ಮೇಲೆ. ಆ ರಾತ್ರಿ ಊಟದ ಮೇಜಿನ ಅಭ್ಯಾಸ ಮುಗಿದ ಮೇಲೆ ಅವಳು ಗ್ಲಾಸಿನ ಚಹಾವನ್ನು ಬಚ್ಚಲಿಗೆ ಚೆಲ್ಲುತ್ತಿದ್ದಾಗ ಥಾನಿನ್ ಹಿಂದೆ ಬಂದು ನಿಂತ. ಕಾವಿ ಬಿಟ್ಟು ಬಂದವನ ಬೋಳು ತಲೆಯಲ್ಲಿ ಆಗಲೇ ಸಣ್ಣಗೆ ಕೂದಲು ಚಿಗುರಿತ್ತು.

“ಉರೈ, ನಿನಗೆ ಕಷ್ಟ ಆಗತ್ತೆ ಅಂತ ಗೊತ್ತು. ಒಂದೇ ಒಂದ್ಸಲ ಹೇಳ್ಬಿಡು. ಆಮೇಲೆ ನಾನು ಮುಟ್ಟಲ್ಲ. ಆಣೆ.”

“ಆಣೆ ನಾಳೆ ನಾನ್ ಇಡಬೇಕಲ್ರೀ, ಕೋರ್ಟಲ್ಲಿ. ನೀವ್ ಯಾಕ್ ಇವತ್ತೇ ಖರ್ಚು ಮಾಡ್ತೀರಾ?”

ಅವನು ನಗಲು ನೋಡಿದ, ಆಗಲಿಲ್ಲ. ಉರೈಗೆ ಆ ಮುಖದ ಮೇಲೆ ಈಗಲೂ ಪ್ರೀತಿ ಇತ್ತು. ಅದೇ ಅವಳ ತಾಪತ್ರಯ. ಇಷ್ಟವಿಲ್ಲದ ಗಂಡನನ್ನು ಜೈಲಿಗೆ ಕಳಿಸುವುದಾದರೆ ಆ ರಾತ್ರಿ ಅವಳಿಗೆ ನಿದ್ದೆಯಾದರೂ ಬರುತ್ತಿತ್ತು.

ಮರುದಿನ ಕೋರ್ಟಿನ ಅಂಗಳದಲ್ಲಿ ಅಭಿಮಾನಿಗಳು ಹೂವು ಹಿಡಿದು ನಿಂತಿದ್ದರು. ಸಂಫಾವ್ ಅಜ್ಜಿ ಒಬ್ಬರೇ ಮಳೆಮರದ ನೆರಳಲ್ಲಿ ಒಂದು ಫ್ಲಾಸ್ಕ್ ಇಟ್ಟುಕೊಂಡು ಕೂತಿದ್ದರು. ಲಮೈ ಅತ್ತೆ ವಕೀಲರ ಜೊತೆ ಮಾತಾಡುವ ಹೊತ್ತಲ್ಲಿ ಉರೈ ತಪ್ಪಿಸಿಕೊಂಡು ಹೋಗಿ, ಕೈ ಮುಗಿದು, ಅವರ ಕಾಲ ಬಳಿ ಕೂತಳು.

“ಅಜ್ಜೀ, ಒಂದು ಕೇಳ್ಲಾ? ಅವತ್ತು ಪೆಟ್ಟಿಗೆ ಮುಂದೆ ಕೇಳಿದ್ದನ್ನ ನೀವ್ ಯಾಕ್ ಹೇಳಲ್ಲ?”

“ನನಗೆ ಹೇಳಿದ್ದಾಗಿದ್ರೆ ಹೇಳ್ತಿದ್ದೆ ಕಣವ್ವ. ನಾನು ಪಕ್ಕದಲ್ಲಿದ್ದೆ, ಕಿವಿಗೆ ಬಿತ್ತು.”

“ಆದ್ರೂ...”

“ನಾನದನ್ನ ಕೋರ್ಟಿಗೆ ಹೊತ್ಕೊಂಡ್ ಬಂದ್ರೆ, ನಾಳೆಯಿಂದ ಈ ಸೀಮೇಲಿ ಯಾರಾದ್ರೂ ಹೆಣದ ಮುಂದೆ ನಿಜ ಹೇಳ್ತಾರಾ? ಪಕ್ಕದಲ್ಲಿ ವಕೀಲರನ್ನ ಕೂರಿಸ್ಕೊಂಡು ಕ್ಷಮೆ ಕೇಳ್ತಾರೆ. ಸತ್ತೋರಿಗೆ ಇರೋದೇ ಅದೊಂದು. ಅದನ್ನೂ ಕಿತ್ಕೊಳ್ಳೋಕೆ ನಾನ್ಯಾರು?”

“ಹಂಗಾದ್ರೆ ನಿಮ್ಮ ಮಗನಿಗೆ ನ್ಯಾಯ?”

“ಅವನಿಗೆ ಸಿಗಬೇಕಾದ್ದು ಸಿಕ್ತು, ಹೋದ. ಇನ್ನು ಆ ರಸ್ತೇಲಿ ನಾಳೆ ಹಾಲು ಮಾರೋಕೆ ಹೋಗೋರದ್ದು... ಅದನ್ನ ಬದುಕಿರೋರು ನೋಡ್ಕೋಬೇಕು.” ಅಜ್ಜಿ ಫ್ಲಾಸ್ಕಿನ ಮುಚ್ಚಳಕ್ಕೆ ಸೋಯಾ ಹಾಲು ಬಗ್ಗಿಸಿ ಕೊಟ್ಟರು. “ಕುಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೆ ಗೊತ್ತಾಗತ್ತೆ. ಸ್ವಲ್ಪ ತಳ ಹಿಡಿದಿದೆ. ಅವನ ಕೈಹದ ನನಗೆ ಬರಲ್ಲ.”

ಉರೈ ಕುಡಿದಳು. ಸೀದ ವಾಸನೆಯ ಆ ಹಾಲು ಗಂಟಲಲ್ಲಿ ಇಳಿಯುವಾಗ ಕಣ್ಣು ತುಂಬಿ ಬಂತು. ಬೇಡಿ ಪಡೆದದ್ದಲ್ಲ, ದುಡ್ಡು ಕೊಟ್ಟು ಪಡೆದದ್ದಲ್ಲ. ತನ್ನ ಮಗನನ್ನು ಕೊಂದವನ ಹೆಂಡತಿ ಹಸಿದಿದ್ದಾಳೆ ಅಂತ ಒಬ್ಬ ತಾಯಿ ಕೊಟ್ಟದ್ದು. ಇದಕ್ಕಿಂತ ನೇರವಾಗಿ ಅಜ್ಜಿ ಅವಳನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಸುಲಭವಾಗುತ್ತಿತ್ತು... ಇಲ್ಲ ಅನ್ನಬಹುದಿತ್ತು.

ಕಟಕಟೆಯಲ್ಲಿ ಅವಳು ಪ್ರಮಾಣ ಮಾಡಿದಳು. ಸುಳ್ಳು ಹೇಳಿದರೆ ನನಗೂ ನನ್ನ ಮನೆಗೂ ಕೇಡಾಗಲಿ, ನಿಜ ಹೇಳಿದರೆ ಒಳ್ಳೆಯದಾಗಲಿ. ಅವಳ ಪಾಲಿಗೆ ಅದು ಪೂರಾ ತಿರುಗಾಮುರುಗಾ. ನಿಜ ಹೇಳಿದರೇ ಮನೆ ಮುಳುಗುವುದು.

“ಗಂಡ ಮನೆಗೆ ಬಂದಾಗ ಅವರಿಗೆ ಗ್ಲಾಸ್ ಸುರಿದು ಕೊಟ್ಟಿದ್ದು ನೀವೇ ಅಲ್ವಾ?” ಥಾನಿನ್ ಪರ ವಕೀಲರು ನಗುನಗುತ್ತಾ ಕೇಳಿದರು.

“ನಿಂಬೆ ನೀರು ಕೊಟ್ಟೆ.”

“ಆಮೇಲೆ ವಿಸ್ಕಿ?”

“ಯಾರೂ ಸುರೀಲಿಲ್ಲ ಸ್ವಾಮಿ. ಅವರು ಬಂದಾಗಲೇ ಕುಡಿದಿದ್ರು. ಶೂ ಲೇಸ್ ಬಿಚ್ಚೋಕಾಗ್ದಷ್ಟು ಕುಡಿದಿದ್ರು, ನಾನೇ ಬಿಚ್ಚಿದೆ.” ಸಾವರಿಸಿಕೊಂಡಳು. “ನನ್ನ ಅಣ್ಣ ಲಾರಿ ಓಡಿಸ್ತಾನೆ. ಇದೇ ತಪ್ಪು ಮಾಡಿ ಒಳಗಿದ್ದು ಬಂದ. ಅವನು ಆಮೇಲೆ ಕುಡಿದ ಅಂತ ಹೇಳೋಕೆ ನಮ್ಮನೇಲಿ ಯಾರಿಗೂ ಹೊಳೀಲೇ ಇಲ್ಲ... ಇವರನ್ನ ನಾನು ಅಣ್ಣನಿಗಿಂತ ಹೆಚ್ಚು ಪ್ರೀತಿಸ್ತೀನಿ. ಆದ್ರೆ ಇವರು ಗುದ್ದಿದ್ದೂ ಮನುಷ್ಯನ್ನೇ.”

ಹಿಂದಿನ ಸಾಲಿನಿಂದ ಅಭಿಮಾನಿಯೊಬ್ಬಳು “ಮನೆಮುರುಕಿ,” ಅಂದಳು. ಥಾನಿನ್ ತಲೆ ಎತ್ತಲಿಲ್ಲ.

ವಕೀಲರು ಬೆವರು ಒರೆಸಿಕೊಂಡು ಲಮೈ ಅತ್ತೆಯನ್ನು ಕರೆದರು. ರೇಷ್ಮೆ ಉಟ್ಟು, ಮುಡಿ ಕಟ್ಟಿ, ರಾಣಿ ಬಂದಳು. ಎಡಗಣ್ಣಿನಿಂದ ಮಾತ್ರ ನೀರು ಸುರಿಸು ಅಂದರೆ ಎಡಗಣ್ಣಿನಿಂದಲೇ ಸುರಿಸಬಲ್ಲ ಹೆಂಗಸು. ಉರೈ ಕಣ್ಣು ಮುಚ್ಚಿಕೊಂಡಳು.

“ಅಮ್ಮಾ, ನಿಮಗೂ ಸೊಸೆಗೂ ಸರಿ ಇಲ್ಲ, ಅಲ್ವಾ?”

“ಇಲ್ಲ. ಅವಳು ಮಾಡೋ ಸಾರಿಗೆ ಉಪ್ಪು ಹತ್ತಲ್ಲ, ಆಡೋ ಮಾತಿಗೆ ಸಕ್ಕರೆ ಹತ್ತಲ್ಲ.”

ಕೋರ್ಟಿನಲ್ಲಿ ಯಾರೋ ಕಿಸಕ್ಕಂದರು.

“ಅಂದ್ರೆ ಈಗ ಆಕೆ ಹೇಳಿದ್ದು ಸೇಡಿನ ಮಾತು. ಗ್ಲಾಸ್ ಸುರಿದಿದ್ದನ್ನ ನೀವು ಕಣ್ಣಾರೆ ನೋಡಿದೀರಿ.”

ಲಮೈ ಅತ್ತೆ ಬಾಯಿ ತೆರೆದರು. ಅವರ ದೃಷ್ಟಿ ಹಿಂದಿನ ಬೆಂಚಿನ ಮೂಲೆಗೆ ಹೋಗಿತ್ತು. ಅಲ್ಲಿ ಸಂಫಾವ್ ಅಜ್ಜಿ ಎರಡು ಕೈ ತೊಡೆ ಮೇಲಿಟ್ಟು ಸುಮ್ಮನೆ ಕೂತಿದ್ದರು. ಕೋಪವಿಲ್ಲ, ಬೇಡಿಕೆಯಿಲ್ಲ. ತನಗೆ ಗೊತ್ತಿರುವುದನ್ನು ನುಂಗಿಕೊಂಡು, ಬೇರೆಯವರು ಹೇಳುವ ಸುಳ್ಳನ್ನೂ ಕೇಳಿಸಿಕೊಳ್ಳಲು ತಯಾರಾಗಿ ಕೂತ ಹೆಂಗಸು. ಅಂಥ ಪ್ರೇಕ್ಷಕಳ ಎದುರು ಲಮೈ ಅತ್ತೆ ಯಾವ ಮೇಳದಲ್ಲೂ ಆಡಿರಲಿಲ್ಲ.

“ಅಮ್ಮಾ?” ವಕೀಲರು ನೆನಪಿಸಿದರು.

“ಸ್ವಲ್ಪ ಇರಪ್ಪ.” ಕಟಕಟೆಯ ಕಂಬ ಹಿಡಿದುಕೊಂಡರು. “ಸ್ವಾಮೀ, ನಾನು ಬಣ್ಣ ಹಚ್ಚಿ ಬದುಕಿದೋಳು. ಮಗ ಸತ್ತ ತಾಯಿ ಪಾತ್ರ ಎಷ್ಟು ಸಲ ಹಾಕಿದೀನೋ ಲೆಕ್ಕ ಇಲ್ಲ. ಎದೆ ಎದೆ ಬಡ್ಕೊಂಡು ಅಳ್ತಿದ್ದೆ, ಜನ ಹಾರ ಹಾಕ್ತಿದ್ರು... ಅಲ್ಲಿ ಕೂತಿರೋ ತಾಯೀನ ನೋಡಿ. ಮಗ ಹೋದ ತಾಯಿ ಹಂಗಿರ್ತಾಳೆ ಅಂತ ನನಗೆ ಇವತ್ತೇ ಗೊತ್ತಾಗಿದ್ದು. ನನ್ನ ಮಗನ ತಪ್ಪನ್ನ ಬಾಯಲ್ಲಿಟ್ಕೊಂಡು ಬಾಯಿ ಮುಚ್ಕೊಂಡಿದಾಳೆ. ಅವಳ ಎದುರಿಗೆ ನಾನು ಬಾಯಿ ತೆಗೆದು ಸುಳ್ಳು ಹೇಳ್ಲಾರೆ ಸ್ವಾಮೀ... ನನ್ನಿಂದ ಆಗಲ್ಲ. ಸೊಸೆ ಹೇಳಿದ್ದೇ ನಿಜ. ಆ ಗ್ಲಾಸನ್ನ ಬರೀ ಬಾಯಿಮಾತಲ್ಲಿ ಸುರಿದೋಳು ನಾನು, ಹೊಸ್ತಿಲಲ್ಲಿ ನಿಂತು.”

ಈ ಸಲ ಎರಡೂ ಕಣ್ಣಿನಲ್ಲಿ ನೀರಿತ್ತು. ಮುಡಿ ಬಿಚ್ಚಿ ಹೆಗಲ ಮೇಲೆ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ.

ಆಗ ಥಾನಿನ್ ಎದ್ದು ನಿಂತ. ವಕೀಲರು ತೋಳು ಹಿಡಿದು ಎಳೆದರು, ಅವನು ಬಿಡಿಸಿಕೊಂಡ. “ಸ್ವಾಮೀ, ನಾನೇ ಹೇಳ್ತೀನಿ. ಇಬ್ಬರು ಹೆಂಗಸರು ನನ್ನ ತಪ್ಪನ್ನ ನನಗಿಂತ ಮುಂಚೆ ಹೊತ್ಕೊಂಡ್ರು...” ಪೆಟ್ಟಿಗೆ ಮುಂದೆ ಹೇಳಿದ್ದನ್ನೇ ಬದುಕಿದವರ ಮುಂದೆ ಮತ್ತೆ ಹೇಳಿದ. ಕೂಗು ಕೇಳಿಸಿದ್ದನ್ನೂ ಬಿಡಲಿಲ್ಲ.

ನ್ಯಾಯಾಧೀಶರು ಕೊಟ್ಟದ್ದು ಮೂರು ವರ್ಷ. ತಡವಾಗಿಯಾದರೂ ಒಪ್ಪಿಕೊಂಡದ್ದಕ್ಕೆ ಅದರಲ್ಲಿ ಸ್ವಲ್ಪ ಇಳಿಸಿದರು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸುವ ಮಾತೇ ಎತ್ತಲಿಲ್ಲ. ಒಬ್ಬ ಲಾರಿ ಡ್ರೈವರಿಗೆ ಏನು ಸಿಗುತ್ತಿತ್ತೋ ಅಷ್ಟೇ, ಕಡಿಮೆಯೂ ಇಲ್ಲ, ಹೆಸರಿದೆ ಅಂತ ಹೆಚ್ಚೂ ಇಲ್ಲ. ಊರು ಎರಡು ಪಾಲಾಗಿ ವಾರಗಟ್ಟಲೆ ಜಗಳಾಡಿತು. ಪ್ರಸೋಪ್ ಇನ್ನೊಂದು ಗಂಟಲು ಹುಡುಕಿಕೊಂಡು ಹೋದ.

ತೀರ್ಪಿನ ದಿನ ಸಂಜೆ ಉರೈ ಬಟ್ಟೆ ಗಂಟು ಕಟ್ಟುತ್ತಿದ್ದಳು. ಅತ್ತೆ ಹೊರಗೆ ಹಾಕುವ ಮುಂಚೆ ತಾನೇ ಹೋಗುವುದು ಮರ್ಯಾದೆ ಅಂತ. ಲಮೈ ಅತ್ತೆ ಬಾಗಿಲಲ್ಲಿ ಬಂದು ನಿಂತರು.

“ಎಲ್ಲಿಗೆ?”

“ಅಣ್ಣನ ಮನೆಗೆ.”

“ಅಲ್ಲಿ ಯಾರಿಗೆ ಉಪ್ಪಿಲ್ಲದ ಸಾರು ಮಾಡಿ ಹಾಕ್ತೀಯಾ? ಆ ಶಿಕ್ಷೆ ನನಗೇ ಇರ್ಲಿ. ಗಂಟು ಬಿಚ್ಚು.”

ಜೈಲಿನಲ್ಲಿ ಮೊದಲ ಭೇಟಿಗೆ ಇಬ್ಬರೂ ಬಾಡಿಗೆ ವ್ಯಾನಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಹೋದರು. ದಾರಿಯುದ್ದಕ್ಕೂ ಅತ್ತೆ ಸೊಸೆಯ ಉಂಡೆಗಟ್ಟಿದ ಮುಡಿಯನ್ನೂ ಸವೆದ ಚಪ್ಪಲಿಯನ್ನೂ ಆಡಿಕೊಂಡರು. ಭೇಟಿಯ ಕೋಣೆಯಲ್ಲಿ ಗಾಜಿನ ಗೋಡೆ, ಮಾತಾಡಲು ಈ ಕಡೆ ಒಂದೇ ಫೋನ್ ರಿಸೀವರು. ಸಿಗುವ ಹೊತ್ತು ಚೂರೇ ಚೂರು. ಆಚೆ ಥಾನಿನ್ ಬಂದು ಕೂತ, ಒಂದು ಸುತ್ತು ಇಳಿದಿದ್ದ. ಉರೈ ರಿಸೀವರನ್ನು ಅತ್ತೆಯ ಕಡೆ ಚಾಚಿದಳು.

“ಬೇಡ, ನೀನೇ ಹಿಡ್ಕೋ,” ಅಂದರು ಲಮೈ ಅತ್ತೆ. “ನಾನ್ ಕೇಳಿದ್ರೆ ‘ಆರಾಮಾಗಿದೀನಮ್ಮಾ’ ಅಂತ ಸುಳ್ಳು ಹೇಳ್ತಾನೆ. ನಾನೇ ಕಲಿಸಿದ್ದು. ನಿನಗಾದ್ರೆ ಹೇಳಲ್ಲ.”

ಉರೈ ರಿಸೀವರನ್ನು ಕಿವಿಗಿಟ್ಟಳು. ಗಾಜಿನಾಚೆ ಗಂಡನ ತುಟಿ ಅಲುಗಿತು. ಅವಳು ಕೇಳಿಸಿಕೊಂಡಳು.

“ಏನಂತೆ?”

“ಕಣ್ಣು ಮುಚ್ಚಿದ್ರೆ ಚಲೋ ಅಣ್ಣನ ಕೂಗು ಕೇಳತ್ತಂತೆ ಅತ್ತೆ... ಇಲ್ಲಿರೋದು ಬಾಳ ಕಷ್ಟ ಅಂತಿದಾರೆ.”

ಲಮೈ ಅತ್ತೆ ಗಾಜಿಗೆ ಅಂಗೈ ಒತ್ತಿ, ಮಗನ ಮುಖವನ್ನೇ ನೋಡುತ್ತಾ ಮೆಲ್ಲಗೆ ತಲೆಯಾಡಿಸಿದರು.

“ಸರಿ. ನಿಜಾನೇ ಹೇಳ್ತಿದಾನೆ. ಮುಂದೆ ಕೇಳು.”